ಡಾಲಿ ಪಾರ್ಟನ್ ಬಿಟ್ಟುಕೊಡದ ಅರ್ಧ ಪಾಲು

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಹಾಡಿನ ಪ್ರಕಾರ) ಗಾಯಕಿ ಡಾಲಿ ಪಾರ್ಟನ್ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು, ಆದರೆ ಪೂರ್ತಿ ಬಡತನದ ಕಥೆಯೇ ಆಯಿತು. ಟೆನ್ನೆಸ್ಸಿಯ ಗುಡ್ಡಗಾಡು, ಹನ್ನೆರಡು ಮಕ್ಕಳ ಮನೆ, ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ದುಡ್ಡಿನ ಬದಲು ಮೆಕ್ಕೆಜೋಳದ ಹಿಟ್ಟು ಕೊಟ್ಟಿದ್ದು, ಎಲ್ಲ ನಿಜ. ಅಂಥ ಬಡತನದಲ್ಲಿ ಹಾಡುವವರು ನಮ್ಮ ಚಿಂತಾಮಣಿ ಕಡೆ ಹೋಬಳಿಗೊಬ್ಬರಾದರೂ ಸಿಗುತ್ತಾರೆ. ಅವರಿಗೆ ಉಪಯೋಗಕ್ಕೆ ಬರುವ ಸಂಗತಿಯನ್ನೇ ನೀವು ಬಿಟ್ಟಿರಿ.

ಹತ್ತು ವರ್ಷಕ್ಕೆ ನಾಕ್ಸ್‌ವಿಲ್‌ನಲ್ಲಿ ಒಬ್ಬ ಕಿರಾಣಿ ಅಂಗಡಿ ಮಾಲೀಕ ನಡೆಸುತ್ತಿದ್ದ ರೇಡಿಯೊ, ಟಿವಿ ಕಾರ್ಯಕ್ರಮದಲ್ಲಿ ಹಾಡಿದ ಹುಡುಗಿ ಆಕೆ. 1964ರಲ್ಲಿ ಹೈಸ್ಕೂಲು ಮುಗಿದ ಮಾರನೇ ದಿನವೇ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಹೊರಟಳು. ಅಲ್ಲಿನ ರೆಕಾರ್ಡ್ ಕಂಪನಿಯವರು ಈ ದನಿ ಕಂಟ್ರಿಗೆ ಆಗಲ್ಲ ಅಂತ ಪಾಪ್ ಹಾಡಿಸಿದರು! ಸೋದರಮಾವ ಬಿಲ್ ಓವೆನ್ಸ್ ಜೊತೆ ಬರೆದ ಹಾಡನ್ನು ಬೇರೆಯವರು ಹಾಡಿ, 1966ರಲ್ಲಿ ಅದು ಗೆದ್ದ ಮೇಲಷ್ಟೇ ಅವರಿಗೆ ಬುದ್ಧಿ ಬಂತು. ಅದೇ ಹೊತ್ತಿಗೆ ಮಾವ, ಸೊಸೆ ಸೇರಿ ತಮ್ಮ ಹಾಡುಗಳ ಹಕ್ಕು ನೋಡಿಕೊಳ್ಳಲು ಸ್ವಂತ ಕಂಪನಿಯನ್ನೇ ಮಾಡಿದರು. ಆಗ ಆಕೆಗೆ ಇಪ್ಪತ್ತು ವರ್ಷ, ಇನ್ನೂ ದೊಡ್ಡ ಹೆಸರೇನೂ ಇಲ್ಲ.

ಅದರ ಫಲ ನೋಡಿ. ಆಕೆಯೇ ಬರೆದು ಹಾಡಿದ 'ಐ ವಿಲ್ ಆಲ್ವೇಸ್ ಲವ್ ಯೂ' 1974ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಬೇಕು ಅಂದಾಗ, ಅವನ ಮ್ಯಾನೇಜರ್ ಪ್ರಕಟಣೆಯ ಹಕ್ಕಿನಲ್ಲಿ, ಅಂದರೆ ಹಾಡು ಬಳಕೆಯಾದಾಗಲೆಲ್ಲ ದುಡ್ಡು ತರುವ ಹಕ್ಕಿನಲ್ಲಿ, ಅರ್ಧ ಪಾಲು ಕೇಳಿದ. ಎಲ್ವಿಸ್ ಅಂದರೆ ಆ ಕಾಲಕ್ಕೆ ಸುಮ್ನೇನಾ? ಆಕೆ ಅತ್ತಳು, ಆದರೆ ಕೊಡಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಸಿನಿಮಾದಲ್ಲಿ ಅದೇ ಹಾಡು ಹಾಡಿದಾಗ, ಬರೆದವಳ ಪಾಲು ಬರೆದವಳಿಗೇ ಬಂತು.

ಇಲ್ಲಿಗೆ ಬನ್ನಿ. ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಹಾಡು ಬರೆದು, ತಾನೇ ರಾಗ ಹಾಕಿದ್ದ. ಯಾವುದೋ ಯೂಟ್ಯೂಬ್ ಚಾನೆಲ್‌ನವರು ಕೈಗೆ ಸ್ವಲ್ಪ ದುಡ್ಡಿಟ್ಟು ಛಾಪಾ ಕಾಗದಕ್ಕೆ ಸೈನ್ ಹಾಕಿಸಿಕೊಂಡರು. ಓದಿ ನೋಡಿದೆಯಾ ಅಂದರೆ, ಇಂಗ್ಲಿಷ್‌ನಲ್ಲಿತ್ತು ಅಣ್ಣಾ ಅಂತಾನೆ. ಈಗ ಆ ಹಾಡು ಗಣೇಶನ ಪೆಂಡಾಲಿನಿಂದ ಟ್ರ್ಯಾಕ್ಟರ್‌ವರೆಗೂ ಕೇಳಿಸುತ್ತದೆ, ಅವನ ಹೆಸರು ಮಾತ್ರ ಎಲ್ಲೂ ಇಲ್ಲ. ನಮ್ಮ ತಾಲ್ಲೂಕಿನ ಸಂತಕವಿ ಕೈವಾರ ತಾತಯ್ಯನವರ ತತ್ವಪದ ಯಾರೇ ಹಾಡಲಿ, ಕೊನೆಗೆ ನಾರೇಯಣನ ಅಂಕಿತ ಬಂದೇ ಬರುತ್ತದೆ, ಇದು ಇಂಥವರದು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಅದೇ ತಾಲ್ಲೂಕಿನ ಹುಡುಗನಿಗೆ ಈ ಗತಿ.

ಕಾನೂನು ಇಲ್ಲ ಅಂತಲ್ಲ. ಕೃತಿಸ್ವಾಮ್ಯ (ಕಾಪಿರೈಟ್) ಹುಟ್ಟುವುದಕ್ಕೆ ನೋಂದಣಿ ಕಡ್ಡಾಯವಲ್ಲ, ಹಾಡು ಬರೆದಿಟ್ಟರೆ ಅಥವಾ ರೆಕಾರ್ಡ್ ಮಾಡಿದರೆ ಸಾಕು. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು, ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಐದೇ ವರ್ಷ ಅಂತ ಲೆಕ್ಕ. 2012ರ ತಿದ್ದುಪಡಿ ಆದಮೇಲಂತೂ, ಹಕ್ಕು ಬರೆದುಕೊಟ್ಟರೂ ಸಾಹಿತ್ಯ ಮತ್ತು ರಾಗ ಮಾಡಿದವರು ತಮ್ಮ ಸಮಪಾಲಿನ ರಾಯಧನವನ್ನು (ರಾಯಲ್ಟಿ) ಕಂಪನಿಗೆ ಬಿಟ್ಟುಕೊಡುವ ಹಾಗೇ ಇಲ್ಲ. ಡಾಲಿ ಅತ್ತು ಉಳಿಸಿಕೊಂಡ ಪಾಲಿಗೆ ಇಲ್ಲಿ ಕಾನೂನೇ ಕಾವಲಿದೆ, ಆದರೆ ಹಾಡುವ ಹುಡುಗರಿಗೆ ಇದನ್ನು ಹೇಳುವವರು ಯಾರು?

ಮುಂದಿನ ಪುರವಣಿಗೆ ಒಬ್ಬ ವಕೀಲರಿಂದ ಅರ್ಧ ಪುಟ ಬರೆಸಿ. ಸೈನ್ ಹಾಕುವ ಮುಂಚೆ ಕಾಗದದಲ್ಲಿ ಏನೇನು ನೋಡಬೇಕು ಅಂತ ಸರಳವಾಗಿ ಹೇಳಿದರೆ ಸಾಕು. ಆ ಬರಹದ ಜೊತೆ ಹಾಕಿದ್ದ ಮರದ ಗುಡಿಸಲಿನ ಫೋಟೋಗೆ ಕೊಟ್ಟಷ್ಟು ಜಾಗ ಕೊಟ್ಟರೂ ಆಗುತ್ತದೆ.

– ಒಬ್ಬ ಓದುಗ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ