ತೇವಾಂಶ ಸೆನ್ಸರ್‌ಗಳ ಬ್ಯಾಟರಿ ಬೇಗ ಖಾಲಿಯಾಗುತ್ತಿರುವ ಬಗ್ಗೆ ದೂರು

ಇಂದ:
ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಸೆನ್ಸರ್ ನೋಡ್‌ಗಳ (ಸೆನ್ಸರ್, ರೇಡಿಯೋ, ಬ್ಯಾಟರಿ ಇರುವ ಘಟಕಗಳ) ರೇಡಿಯೋ ಸದಾ ಚಾಲನೆಯಲ್ಲಿದ್ದು ಬ್ಯಾಟರಿ ಖಾಲಿಯಾಗುತ್ತಿರುವುದನ್ನು ಸರಿಪಡಿಸುವ ಕುರಿತು

ಮಾನ್ಯರೇ,

ನಿಮ್ಮಿಂದ ಖರೀದಿಸಿ ನಮ್ಮ ರೊಬಸ್ಟಾ ತೋಟದಲ್ಲಿ ಅಳವಡಿಸಿರುವ ಮಣ್ಣಿನ ತೇವಾಂಶ ಸೆನ್ಸರ್‌ಗಳು ಒಂದೇ ಬ್ಯಾಟರಿಯಲ್ಲಿ ಐದು ವರ್ಷ ನಡೆಯುತ್ತವೆ ಎಂದು ಕೈಪಿಡಿಯಲ್ಲಿ ಮುದ್ರಿಸಿದ್ದೀರಿ. ಆದರೆ ಮೂರು ತಿಂಗಳು ತುಂಬುವ ಮೊದಲೇ ಅವು ಒಂದೊಂದಾಗಿ ಮಾಹಿತಿ ಕಳುಹಿಸುವುದನ್ನು ನಿಲ್ಲಿಸುತ್ತಿವೆ. ಮಲೆನಾಡಿನ ಥಂಡಿಗೆ ಬ್ಯಾಟರಿ ಕೆಟ್ಟಿದೆ, ಹೊಸದನ್ನು ಕೊಳ್ಳಿ ಎಂದು ನಿಮ್ಮ ಸಿಬ್ಬಂದಿ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಲೀಥಿಯಂ ಥಯೋನಿಲ್ ಕ್ಲೋರೈಡ್ ಬ್ಯಾಟರಿ ಸೊನ್ನೆ ಡಿಗ್ರಿಗಿಂತ ಕೆಳಗೂ ಕೆಲಸ ಮಾಡುವಂಥದ್ದು. ದೋಷವಿರುವುದು ನೀವು ರೇಡಿಯೋವನ್ನು ಹೊಂದಿಸಿರುವ ರೀತಿಯಲ್ಲಿ.

ಮಲ್ಟಿಮೀಟರ್ ಜೋಡಿಸಿ ನೋಡಿದರೆ, ಏನನ್ನೂ ಕಳುಹಿಸದ ಹೊತ್ತಿನಲ್ಲೂ ನೋಡ್ ಸುಮಾರು 11 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತದೆ. ಲೋರಾ ಚಿಪ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳುಹಿಸುವ ರೇಡಿಯೋ) ಮಲಗಿರುವಾಗ ಮೈಕ್ರೊಆಂಪಿಯರ್ (ಮಿಲಿಆಂಪಿಯರ್‌ನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಷ್ಟೇ ಕರೆಂಟ್ ಬಳಸಬೇಕಾದ್ದರಿಂದ, ಅದರ ರಿಸೀವರ್ ಹಗಲೂ ರಾತ್ರಿ ತೆರೆದೇ ಇದೆ ಎಂಬುದು ಸ್ಪಷ್ಟ. 19,000 ಮಿಲಿಆಂಪಿಯರ್-ಅವರ್ ಬ್ಯಾಟರಿ ಈ ಬಳಕೆಗೆ ಸುಮಾರು 72 ದಿನ ಬರುತ್ತದೆ, ನಮ್ಮಲ್ಲಿ ಆಗಿರುವುದೂ ಅದೇ. ಅದು ಐದು ವರ್ಷ ಬಾಳಬೇಕಾದರೆ ಸರಾಸರಿ ಬಳಕೆ 0.43 ಮಿಲಿಆಂಪಿಯರ್ ಮೀರಬಾರದು. ಗೇಟ್‌ವೇಯಿಂದ (ನೋಡ್‌ಗಳ ಸಂದೇಶಗಳನ್ನು ಪಡೆದು ಮುಂದಕ್ಕೆ ಕಳುಹಿಸುವ ಸಾಧನದಿಂದ) ತುರ್ತು ಆದೇಶ ಪಡೆಯುವ ಅಗತ್ಯವೇ ಇಲ್ಲದ ತೇವಾಂಶ ಸೆನ್ಸರನ್ನು, ರಿಸೀವರನ್ನು ಸದಾ ತೆರೆದಿಡುವ, ಸದಾ ಕರೆಂಟ್ ಸಿಗುವ ಸಾಧನಗಳಿಗೆ ಹೊಂದುವ ಕ್ಲಾಸ್ ಸಿ ಕ್ರಮದಲ್ಲಿ ಏಕೆ ಇಟ್ಟಿದ್ದೀರಿ? ಕ್ಲಾಸ್ ಎ ಕ್ರಮದಲ್ಲಾದರೆ ನೋಡ್ ತನ್ನ ಸಂದೇಶ ಕಳುಹಿಸಿದ ಬಳಿಕ ಎರಡು ಸಲ ಸ್ವಲ್ಪ ಹೊತ್ತು ಆಲಿಸಿ ಮತ್ತೆ ಮಲಗುತ್ತದೆ.

ಇಷ್ಟೇ ಅಲ್ಲ. ಮನೆಯ ಛಾವಣಿಯ ಗೇಟ್‌ವೇಗೆ ನೇರವಾಗಿ ಕಾಣುವ ನೋಡ್ ಕೂಡ ಸ್ಪ್ರೆಡಿಂಗ್ ಫ್ಯಾಕ್ಟರ್ (ದೂರ ತಲುಪಲು ಸಂದೇಶವನ್ನು ಎಷ್ಟು ನಿಧಾನವಾಗಿ ಕಳುಹಿಸಬೇಕೆಂಬ ಹಂತ) 12ರಲ್ಲೇ ಪ್ರಸಾರ ಮಾಡುತ್ತಿದೆ. ಸ್ಪ್ರೆಡಿಂಗ್ ಫ್ಯಾಕ್ಟರ್ ಒಂದೊಂದು ಹಂತ ಏರಿದಂತೆ ಪ್ರಸಾರದ ಸಮಯ ಹೆಚ್ಚುಕಡಿಮೆ ಇಮ್ಮಡಿಯಾಗಿ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ. ಇಳಿಜಾರಿನ ಕೆಳಗೆ, ಸಿಲ್ವರ್ ಓಕ್ ಮರಗಳ ಒದ್ದೆ ಎಲೆಗಳ ಮರೆಯಲ್ಲಿರುವ ನೋಡ್‌ಗೆ ಅದು ಬೇಕಾಗಬಹುದು, ಎಲ್ಲದಕ್ಕೂ ಬೇಡ. ಪ್ರತಿ ಐದು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುವ ಅಗತ್ಯವೂ ಇಲ್ಲ. ಮಣ್ಣಿನ ತೇವ ಅಷ್ಟು ಬೇಗ ಬದಲಾಗುವುದಿಲ್ಲ, ಗಂಟೆಗೊಮ್ಮೆ ತಿಳಿದರೆ ಸಾಕು.

ಮಳೆಗಾಲದಲ್ಲಿ ಜಿಗಣೆಗಳ ನಡುವೆ ಬ್ಯಾಟರಿ ಬದಲಿಸಲು ಹೋಗುವವರು ನಮ್ಮ ಕೆಲಸದವರು. ತೆಗೆದ ಲೀಥಿಯಂ ಬ್ಯಾಟರಿಗಳನ್ನು ತೋಟದಲ್ಲಿ ಎಸೆಯುವಂತೆಯೂ ಇಲ್ಲ.

ಆದ್ದರಿಂದ ಎಲ್ಲ ನೋಡ್‌ಗಳ ಫರ್ಮ್‌ವೇರನ್ನು (ಒಳಗಿನ ತಂತ್ರಾಂಶವನ್ನು) ನಿಮ್ಮ ಖರ್ಚಿನಲ್ಲೇ ಬದಲಿಸಿ ಕ್ಲಾಸ್ ಎ ಕ್ರಮಕ್ಕೆ ತರಬೇಕು, ಸಿಗ್ನಲ್‌ಗೆ ತಕ್ಕಂತೆ ಸ್ಪ್ರೆಡಿಂಗ್ ಫ್ಯಾಕ್ಟರ್ ತಾನೇ ಹೊಂದಿಕೊಳ್ಳುವ ವ್ಯವಸ್ಥೆಯನ್ನು ಚಾಲೂ ಮಾಡಬೇಕು, ಮತ್ತು ಬದಲಾವಣೆಯ ನಂತರ ಅಳೆದ ಕರೆಂಟ್ ಎಷ್ಟೆಂದು ಲಿಖಿತವಾಗಿ ತಿಳಿಸಬೇಕು. ಈವರೆಗೆ ಕೊಂಡ ಬ್ಯಾಟರಿಗಳ ಹಣವನ್ನೂ ಹಿಂದಿರುಗಿಸಬೇಕು. ಫೆಬ್ರುವರಿಯಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ನೀರು ಕೊಡಲು ಆರಂಭಿಸುವಾಗ ಈ ಮಾಹಿತಿ ನಮಗೆ ಬೇಕೇ ಬೇಕಾಗಿರುವುದರಿಂದ, 15 ದಿನಗಳೊಳಗೆ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಖರೀದಿ ರಸೀದಿ ಮತ್ತು ಮಲ್ಟಿಮೀಟರ್ ಅಳತೆಯ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)