ಹಳೇ ಮನೆ ಕೆಡವುವ ಮುಂಚೆ

ಪ್ರೀತಿಯ ದೋಸ್ತ,

ಕೊಪ್ಪಳದ ಹಳೇ ಮನೆ ಕೆಡವುತ್ತಿದ್ದೀರಿ ಅಂತ ತಿಳಿಯಿತು. ಗೋಡೆ ಬಿರುಕು ಬಿಟ್ಟಿದೆ, ಮಳೆಗಾಲದೊಳಗೆ ಇಳಿಸಲೇಬೇಕು, ಅದು ಸರಿ. ಆದರೆ ಅಡುಗೆಮನೆ ಸಾಮಾನನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕುತ್ತೇನೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ತಡಿ.

ನಿಮ್ಮವ್ವನ ಶಾವಿಗೆ ಮಷಿನ್ ಮಾತ್ರ ಯಾರಿಗೂ ಕೊಡಬೇಡ. ಬೇಸಿಗೆ ಬಂದರೆ ಇಡೀ ಓಣಿಗೆ ಅದೊಂದೇ ಮಷಿನ್, ಯಾರ ಮನೆಗೆ ಯಾವತ್ತು ಅಂತ ಸರದಿ ಇರುತ್ತಿತ್ತು. ಮಂಚದ ಪಟ್ಟಿಗೆ ಅದನ್ನು ತಿರುಪು ಹಾಕಿ ಬಿಗಿಯಬೇಕು. ಅವ್ವ ಮೇಲಿಂದ ಹಿಟ್ಟಿನ ಮುದ್ದೆ ತುರುಕುತ್ತಿದ್ದಳು, ನಾವು ಹಿಡಿಕೆ ತಿರುಗಿಸುತ್ತಿದ್ದೆವು. ಹಿಟ್ಟು ಗಟ್ಟಿಯಾದರೆ ಹಿಡಿಕೆ ಅಲುಗಾಡದು, ಮೆತ್ತಗಾದರೆ ಎಳೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವ್ವ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿಯೇ ಹದ ಹೇಳುತ್ತಿದ್ದಳು. ಇಳಿಯುವ ಎಳೆಗಳನ್ನು ನಿಮ್ಮಕ್ಕ ಹಿಡಿದು ಕೋಲಿನ ಮೇಲೆ ನೇತು ಹಾಕುತ್ತಿದ್ದಳು. ನಮ್ಮ ಕಡೆ ಬಿಸಿಲಿಗೇನು ಬರ? ಸಂಜೆಯೊಳಗೆ ಮುಟ್ಟಿದರೆ ಮುರಿಯುವಷ್ಟು ಗರಿಗರಿ. ಬಸಿದ ಶಾವಿಗೆಗೆ ಸಕ್ಕರೆ, ಹಾಲು, ತುಪ್ಪ ಹಾಕಿ ತಿಂದವರಿಗೆ ಈಗಿನ ಪೊಟ್ಟಣದ ಶಾವಿಗೆ ಎಲ್ಲಿ ರುಚಿಸುತ್ತದೆ ಹೇಳು.

ಒಳಕಲ್ಲೂ ಬೇಕು. ಶೇಂಗಾ ಚಟ್ನಿ ಕುಟ್ಟಿದ್ದು ಅದರಲ್ಲೇ ಅಲ್ವಾ? ಹುರಿದ ಶೇಂಗಾ, ಒಣ ಖಾರ, ಬೆಳ್ಳುಳ್ಳಿ, ಉಪ್ಪು. ಕುಟ್ಟುತ್ತಾ ಹೋದ ಹಾಗೆ ಶೇಂಗಾ ಎಣ್ಣೆ ಬಿಟ್ಟು, ಚಟ್ನಿ ಕೈಯಲ್ಲಿ ಉಂಡೆ ಕಟ್ಟುವ ಹಾಗಾಗುತ್ತದೆ. ಮಿಕ್ಸಿಯ ಬ್ಲೇಡು ಕತ್ತರಿಸುತ್ತದೆ, ಜಜ್ಜುವುದಿಲ್ಲ. ರೊಟ್ಟಿಗೆ ಎರಡನ್ನೂ ಹಚ್ಚಿ ತಿಂದು ನೋಡು, ಗೊತ್ತಾಗುತ್ತದೆ.

ಬೀಸುವ ಕಲ್ಲಿನ ಮೇಲೆ ನನಗೆ ಅಷ್ಟು ಮೋಹವಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸಿ ಬೀಸಿ ನಮ್ಮಜ್ಜಿಯ ಅಂಗೈ ದಡ್ಡುಗಟ್ಟಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದಿದ್ದು ಅಂಥವರಿಗೆ ದೊಡ್ಡ ಉಪಕಾರ. ಅವರು ಹಾಡಿದ ಬೀಸುವ ಪದಗಳು ಉಳಿಯಲಿ, ಆ ದುಡಿಮೆ ಬೇಡ. ಬೇಳೆ ಒಡೆಯಲು, ನುಚ್ಚು ಮಾಡಲು ಬೇಕಾದರೆ ಕಲ್ಲು ಇಟ್ಟುಕೋ.

ಇನ್ನು ಹಿತ್ತಾಳೆಯ ಪಂಪ್ ಸ್ಟವ್. ಇದು 1997ಕ್ಕೂ ಮುಂಚಿನ ಮಾತು, ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ರೇಷನ್ ಅಂಗಡಿ ಮುಂದೆ ಸೀಮೆಎಣ್ಣೆಗೆ ಡಬ್ಬಿಗಳ ಸಾಲು. ಬರ್ನರಿನ ಕೆಳಗಿನ ಬಟ್ಟಲಲ್ಲಿ ಉರಿ ಹಚ್ಚಿ, ಬರ್ನರ್ ಚೆನ್ನಾಗಿ ಕಾದ ಮೇಲೆಯೇ ಪಂಪ್ ಹೊಡೆಯಬೇಕು. ಆಗ ಎಣ್ಣೆ ಆವಿಯಾಗಿ ಸಣ್ಣ ತೂತಿನಿಂದ ನುಗ್ಗಿ, ಭರ್ ಅಂತ ನೀಲಿ ಉರಿ ಏಳುತ್ತದೆ. ಅವಸರ ಮಾಡಿದರೆ ಹಳದಿ ಜ್ವಾಲೆ, ಪಾತ್ರೆ ತುಂಬಾ ಮಸಿ. ತೂತು ಕಟ್ಟಿದರೆ ಪಿನ್ ಹಾಕಬೇಕು, ಆರಿಸಬೇಕೆಂದರೆ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ಸ್ವೀಡನ್ನಿನಲ್ಲಿ 1892ರಲ್ಲಿ ಹುಟ್ಟಿದ ಪ್ರೈಮಸ್ ಸ್ಟವ್ ನಡೆಯುತ್ತಿದ್ದದ್ದೂ ಹೀಗೆಯೇ. ಎಲ್ಲಿಯ ಸ್ವೀಡನ್, ಎಲ್ಲಿಯ ನಮ್ಮ ಓಣಿ! ನನಗೆ ಅದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಆದರೆ ನಿನಗೆ ಕೈ ಮುಗಿಯುತ್ತೇನೆ, ಅದನ್ನು ಮಾತ್ರ ಸುಮ್ನೆ ನೋಡೋಣ ಅಂತ ಕೂಡ ಹೊತ್ತಿಸಬೇಡ. ಅಂಥ ಸ್ಟವ್ ಸಿಡಿದು ಎಷ್ಟೋ ಹೆಣ್ಣುಮಕ್ಕಳು ಸುಟ್ಟುಕೊಂಡರು. ಅವ್ವ ಸೆರಗು ಬಿಗಿದು ಕಟ್ಟದೆ ಅದರ ಮುಂದೆ ಕೂರುತ್ತಿರಲಿಲ್ಲ. ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಮಕ್ಕಳಿಗೆ ತೋರಿಸಲು ಇಡು, ಸಾಕು.

ಒಳಕಲ್ಲು ನೆಲದಲ್ಲಿ ಹೂತಿದೆ, ನೆನಪಿರಲಿ. ಗೋಡೆಗೆ ಕೈ ಹಚ್ಚುವ ಮುಂಚೆಯೇ ಸುತ್ತಲೂ ಅಗೆದು ಎತ್ತಿಸು. ಜೆಸಿಬಿ ಬಂದರೆ ಅದು ಉಳಿಯುವುದಿಲ್ಲ. ಶಾವಿಗೆ ಮಷಿನ್ನಿನ ತೂತಿನ ಬಿಲ್ಲೆಗಳು ಬೇರೆ ಡಬ್ಬಿಯಲ್ಲಿ ಇರಬೇಕು, ಹುಡುಕು. ಜಂಗು ಹಿಡಿದಿದ್ದರೆ ತಿಕ್ಕಿ, ಎಣ್ಣೆ ಸವರಿಡು. ಯುಗಾದಿ ಮುಗಿದ ಮೇಲೆ ನಾನು ಬರುತ್ತೇನೆ. ಅಕ್ಕನಿಗೂ ಹೇಳು, ಹಿಟ್ಟಿನ ಹದ ಈಗ ಅವಳಿಗೇ ಜಾಸ್ತಿ ಗೊತ್ತು.

ನಿನ್ನ ಗೆಳೆಯ