ಮಿಷನರಿಗಳ ಮನೆಯೊಳಗಿನ ಚರಿತ್ರೆಯೂ ಕನ್ನಡಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆಯ ಸಂದರ್ಭದಲ್ಲಿ ಕನ್ನಡದ ಪತ್ರಿಕೆಗಳು ಹರ್ಮನ್ ಮೋಗ್ಲಿಂಗ್ ಅವರನ್ನು ಗೌರವದಿಂದ ನೆನೆಯುತ್ತವೆ. 1843ರ ಆ ದಿನ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಣಗೊಂಡು ಹೊರಬಂದ ‘ಮಂಗಳೂರ ಸಮಾಚಾರ’ದ ಕಥೆಯ ಬೆನ್ನಿಗೇ ಕಿಟೆಲ್ ಅವರ ನಿಘಂಟು, ಜೆಪ್ಪುವಿನ ಹೆಂಚಿನ ಕಾರ್ಖಾನೆ, ನೇಯ್ಗೆಯ ಮಗ್ಗಗಳ ಪ್ರಸ್ತಾಪವೂ ಬರುತ್ತದೆ. ಈ ಸ್ಮರಣೆ ನ್ಯಾಯವಾದದ್ದೇ. ಆದರೆ ಇವೆಲ್ಲದರ ಹಿಂದಿದ್ದ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಮತಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಬಗ್ಗೆ ನಾವು ಓದುವ ಬರಹಗಳಲ್ಲಿ ಬಹುಪಾಲು ಸಂಸ್ಥೆಯ ಚರಿತ್ರೆಗಳು. ತಮ್ಮದಲ್ಲದ ನೆಲದಲ್ಲಿ ಸಂಸಾರ ಹೂಡಿ, ಒಲೆ ಹಚ್ಚಿ, ಮಕ್ಕಳನ್ನು ಹೆತ್ತು, ಅನೇಕ ವೇಳೆ ಇಲ್ಲಿಯೇ ಮಣ್ಣಾದ ಕುಟುಂಬಗಳ ದಿನನಿತ್ಯದ ಬದುಕು ಅವುಗಳಲ್ಲಿ ಕಾಣುವುದು ಅಪರೂಪ. ಆ ಬದುಕನ್ನು ಕನ್ನಡದಲ್ಲಿ ಬರೆಯುವ ಕೆಲಸ ಇನ್ನಾದರೂ ಮೊದಲಾಗಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

1834ರಲ್ಲಿ ಈ ಮಿಷನ್ನಿನ ಮೊದಲ ಮಿಷನರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದಾಗ ಅವರ ಜೊತೆಯಲ್ಲಿ ಸಂಸಾರವಿರಲಿಲ್ಲ. ಮದುವೆಯಾಗಬೇಕಾದರೆ ಮಿಷನರಿಯು ಬಾಸೆಲಿನ ಸಮಿತಿಯ ಒಪ್ಪಿಗೆ ಪಡೆಯಬೇಕಾಗಿತ್ತು. ಅದಕ್ಕೆ ಮೊದಲು ಕೆಲವು ಕಾಲದ ಸೇವೆಯನ್ನೂ ಮುಗಿಸಿರಬೇಕಾಗಿತ್ತು. ಒಪ್ಪಿಗೆ ದೊರೆತ ಮೇಲೆ ಊರಿನಿಂದ ಕನ್ಯೆ ಹಡಗಿನಲ್ಲಿ ಬರುತ್ತಿದ್ದಳು. ಹೀಗೆ ಬಂದವರಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ವರನ ಪರಿಚಯವಿದ್ದದ್ದು ಪತ್ರಗಳ ಮೂಲಕ ಮಾತ್ರ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಹಿಂದಿನವರು ಆಫ್ರಿಕವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಕಡಲಿನಲ್ಲಿ ಕಳೆಯಬೇಕಿತ್ತು, ಇಲ್ಲವೇ ಈಜಿಪ್ಟಿನ ನೆಲಮಾರ್ಗವನ್ನು ದಾಟಿ ಮತ್ತೊಂದು ಹಡಗನ್ನು ಹತ್ತಬೇಕಿತ್ತು. ಕಾಣದ ಗಂಡನನ್ನೂ ಕಾಣದ ದೇಶವನ್ನೂ ಒಟ್ಟಿಗೇ ಒಪ್ಪಿಕೊಂಡು ಹೊರಟ ಆ ಧೈರ್ಯವನ್ನು ನಮ್ಮ ಬರಹಗಳು ಒಂದು ವಾಕ್ಯದಲ್ಲಿಯೂ ಗುರುತಿಸದಿರುವುದು ನನಗೆ ನೋವಿನ ಸಂಗತಿ.

ಬಂದ ಮೇಲೆ ಅವರ ದಿನಚರಿ ಕೇವಲ ಮನೆವಾರ್ತೆಯದಾಗಿರಲಿಲ್ಲ. ಹೆಣ್ಣುಮಕ್ಕಳ ಶಾಲೆಗಳು, ಅನಾಥ ಬಾಲಕಿಯರ ವಸತಿ, ಹೊಲಿಗೆ ಮತ್ತು ಕಸೂತಿಯ ಪಾಠ, ಮನೆಬಾಗಿಲಿಗೆ ಬಂದ ರೋಗಿಗಳಿಗೆ ಕೈಲಾದ ಔಷಧೋಪಚಾರ ಎಲ್ಲವೂ ಮಿಷನರಿಯ ಪತ್ನಿಯ ಪಾಲಿಗೆ ಬರುತ್ತಿದ್ದವು. ಈ ದುಡಿಮೆಗೆ ಪ್ರತ್ಯೇಕ ಸಂಬಳವೂ ಇರಲಿಲ್ಲ. ಸಮಿತಿಗೆ ವರದಿ ಬರೆಯುತ್ತಿದ್ದವನು ಗಂಡನಾದ್ದರಿಂದ, ಹೆಂಡತಿಯ ಮಾತು ತವರಿಗೆ ಬರೆದ ಖಾಸಗಿ ಪತ್ರಗಳಲ್ಲಿ ಉಳಿಯಿತು. ಕರಾವಳಿಯ ಮಳೆಗಾಲ, ಚಳಿಜ್ವರ, ವಾಂತಿಭೇದಿಗಳು ಆ ಮನೆಗಳನ್ನು ಬಿಡದೆ ಕಾಡಿದವು. ಕಿಟೆಲ್ ಅವರು 1860ರಲ್ಲಿ ಪಾಲಿನಾ ಐತ್ ಅವರನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡರು. ಮುಂದೆ ಆಕೆಯ ಸೋದರಿ ಯೂಲಿಯೇ ಆ ಸಂಸಾರವನ್ನು ಹೊತ್ತರು. 1894ರಲ್ಲಿ ಪ್ರಕಟವಾದ ಆ ಮಹಾನಿಘಂಟಿನ ಹಿಂದೆ ಇಂತಹ ಒಂದು ಮನೆಯೂ ಇತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯುವುದು ಬೇಡವೇ?

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಲಕುವುದು ಮಕ್ಕಳ ವಿಷಯ. ಆಯಾಗಳ ಕಂಕುಳಲ್ಲಿ ಬೆಳೆದು, ಇಲ್ಲಿಯ ಭಾಷೆಗಳನ್ನೇ ಮೊದಲು ತೊದಲಿದ ಈ ಮಕ್ಕಳನ್ನು ಸುಮಾರು ಆರು ವರ್ಷದ ವಯಸ್ಸಿಗೆ ಯುರೋಪಿಗೆ ಕಳುಹಿಸಿಬಿಡುವುದು ವಾಡಿಕೆಯಾಗಿತ್ತು. ಅವರಿಗಾಗಿಯೇ ಬಾಸೆಲಿನಲ್ಲಿ 1853ರಲ್ಲಿ ಒಂದು ಮಕ್ಕಳ ಮನೆಯನ್ನು ತೆರೆಯಲಾಯಿತು. ಹವೆ ಒಗ್ಗದು, ಶಿಕ್ಷಣವಿಲ್ಲ, ಸುತ್ತಲಿನ ಅನ್ಯಧರ್ಮದ ಪ್ರಭಾವ ತಗಲೀತು ಎಂಬ ಕಾರಣಗಳನ್ನು ಹಿರಿಯರು ಕೊಟ್ಟರು. ಆದರೆ ಮಗುವಿನ ಕಣ್ಣಿನಿಂದ ನೋಡಿದರೆ, ಅದು ತನ್ನ ಊರನ್ನೂ ಹೆತ್ತವರನ್ನೂ ಒಂದೇ ದಿನ ಕಳೆದುಕೊಳ್ಳುತ್ತಿತ್ತು. ತಲಶ್ಶೇರಿಯಲ್ಲಿದ್ದ ಇದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದಂಪತಿಯ ಮಗಳು ಮಾರಿ ಹುಟ್ಟಿದ್ದು 1842ರಲ್ಲಿ. ತೀರ ಎಳೆಯ ವಯಸ್ಸಿನಲ್ಲಿ ಯುರೋಪಿಗೆ ಹೋದ ಆಕೆ, ತಂದೆತಾಯಿಯರು ಭಾರತಕ್ಕೆ ಮರಳಿದಾಗ ಅಲ್ಲಿಯೇ ಉಳಿದು, ಅವರನ್ನು ಮತ್ತೆ ಸೇರಲು ಇಲ್ಲಿಗೆ ಬಂದದ್ದು 1857ರಲ್ಲಿ, ಹದಿಹರೆಯದ ಹುಡುಗಿಯಾಗಿ. ಸಾಹಿತ್ಯಕ್ಕಾಗಿ 1946ರ ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ ಆಕೆಯ ಮಗ. ಮಗ ವಿಶ್ವಖ್ಯಾತನಾದ್ದರಿಂದ ಮಾರಿಯ ಹೆಸರು ಉಳಿಯಿತು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಹುಟ್ಟಿ ಹಾಗೆಯೇ ಹಡಗು ಹತ್ತಿದ ಉಳಿದ ಮಕ್ಕಳನ್ನು ನೆನೆಯುವವರಿಲ್ಲ.

ದುಃಖದ ಕಥೆಯೊಂದನ್ನೇ ಹೇಳಿ ನಿಲ್ಲಿಸಿದರೆ ಅದೂ ಅನ್ಯಾಯವಾದೀತು. ಪರದೇಶದ ಬದುಕು ಈ ಕುಟುಂಬಗಳಿಗೆ ಹೊಸ ಪ್ರೀತಿಗಳನ್ನೂ ಕೊಟ್ಟಿತು, ಅವುಗಳ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಕ್ರೈಸ್ತ ಮತಪ್ರಚಾರಕ್ಕೆಂದು ಬಂದ ಮೋಗ್ಲಿಂಗ್ ಅವರ ಮನಸ್ಸು ಹರಿದಾಸರ ಪದಗಳಿಗೆ ಸೋತಿತು. ಅವುಗಳನ್ನು ಸಂಗ್ರಹಿಸಿ ಮುದ್ರಿಸಿದ್ದಲ್ಲದೆ, ಕೆಲವನ್ನು ಜರ್ಮನ್ ಭಾಷೆಗೂ ಅವರು ಅನುವಾದಿಸಿದರು. ಕಿಟೆಲ್ ಅವರು ನಮ್ಮ ಛಂದಸ್ಸನ್ನು ಕಲಿತು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಪದ್ಯಕೃತಿಯಾಗಿ ಬರೆದರು. ಅವರ ನಿಘಂಟಿನ ಪುಟ ಪುಟದಲ್ಲಿ ಗಾದೆಗಳು ಎದುರಾಗುತ್ತವೆ. ಅಂಗಳ, ಅಡುಗೆಮನೆ, ಸಂತೆಗಳ ಮಾತಿಗೆ ಕಿವಿಗೊಟ್ಟು ಕುಳಿತವರಿಗಲ್ಲದೆ ಅವು ದಕ್ಕುವಂಥವಲ್ಲ. ನೀಲಗಿರಿಯ ಕೇತಿಯ ತಂಪು, ಕೊಡಗಿನ ಬೆಟ್ಟಗಳು ಜ್ವರದಿಂದ ಬಳಲಿದ ಈ ಸಂಸಾರಗಳಿಗೆ ಚೇತರಿಕೆಯ ತಾಣಗಳಾಗಿದ್ದವು. ಈ ಒಲವು ಎದುರು ದಿಕ್ಕಿನಲ್ಲಿಯೂ ಹರಿದದ್ದುಂಟು. 1844ರಲ್ಲಿ ಮತಾಂತರಗೊಂಡು ಮಂಗಳೂರಿನಲ್ಲಿ ದೊಡ್ಡ ಕೋಲಾಹಲಕ್ಕೆ ಕಾರಣರಾದ ಆನಂದರಾವ್ ಕೌಂಡಿಣ್ಯರು ಬಾಸೆಲಿನಲ್ಲಿ ಓದಿ, ಮಿಷನರಿಯಾಗಿ ಮರಳಿ, 1860ರಲ್ಲಿ ಜರ್ಮನಿಯ ಮಾರಿ ರೈನ್‌ಹಾರ್ಟ್ ಅವರನ್ನು ವಿವಾಹವಾದರು. ಅಂದಿನ ದಿನಗಳಲ್ಲಿ ಅಂತಹ ದಾಂಪತ್ಯ ಎರಡೂ ಸಮಾಜಗಳಲ್ಲಿ ಎಷ್ಟು ಕಣ್ಣುಗಳಿಗೆ ಗುರಿಯಾಗಿದ್ದಿರಬೇಕೆಂದು ಯೋಚಿಸಿದರೆ, ಅವರ ಮನೆಯ ಚರಿತ್ರೆಯೊಂದೇ ಒಂದು ಗ್ರಂಥಕ್ಕೆ ಸಾಕಾಗುವ ವಸ್ತುವೆನಿಸುತ್ತದೆ.

ಮತಾಂತರದ ಬಗ್ಗೆ ನಮ್ಮಲ್ಲಿ ತೀವ್ರವಾದ ಭಿನ್ನಾಭಿಪ್ರಾಯಗಳಿರುವುದನ್ನು ನಾನು ಬಲ್ಲೆ. ಆ ಚರ್ಚೆ ನಡೆಯಲಿ. ಕುಟುಂಬಗಳ ಬದುಕನ್ನು ಅರಿತುಕೊಳ್ಳುವುದಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಮೊದಲ ಮಹಾಯುದ್ಧ ಈ ಮನೆಗಳನ್ನು ಒಡೆಯಿತು. ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಶತ್ರುದೇಶದವರೆಂದು ಅಹ್ಮದ್‌ನಗರದ ಶಿಬಿರದಲ್ಲಿರಿಸಿತು; ಹೆಂಗಸರು ಮತ್ತು ಮಕ್ಕಳನ್ನು ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಿಸಿತು. ತಲೆಮಾರುಗಳಿಂದ ಇಲ್ಲಿ ಬೇರು ಬಿಟ್ಟಿದ್ದ ಬಳಗವೊಂದು ಹೀಗೆ ಚದುರಿಹೋಯಿತು.

ಈ ಕುಟುಂಬಗಳ ಪತ್ರಗಳು, ವರದಿಗಳು, ಛಾಯಾಚಿತ್ರಗಳು ಬಾಸೆಲಿನ ಮಿಷನ್ ದಾಖಲೆಭಂಡಾರದಲ್ಲಿ ಜೋಪಾನವಾಗಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಬೆಲೆಬಾಳುವ ಸಾಮಗ್ರಿಯಿದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಕೈಬರಹವನ್ನು ಓದಬಲ್ಲವರು ಜರ್ಮನಿಯಲ್ಲಿಯೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರವು ಮಂಗಳೂರು ವಿಶ್ವವಿದ್ಯಾನಿಲಯದ ಜೊತೆಗೂಡಿ, ಮೊದಲಿಗೆ ಮಿಷನರಿ ಪತ್ನಿಯರ ಪತ್ರಗಳ ಒಂದು ಸಂಪುಟವನ್ನಾದರೂ ಟಿಪ್ಪಣಿಗಳ ಸಹಿತ ಕನ್ನಡಕ್ಕೆ ತರಲಿ. ತಾವೂ ಮುಂದಿನ ಜುಲೈ 1ರ ಸಂಚಿಕೆಯಲ್ಲಿ ಒಂದು ಪುಟವನ್ನು ಈ ಹೆಣ್ಣುಮಕ್ಕಳಿಗೂ ಅವರ ಮಕ್ಕಳಿಗೂ ಮೀಸಲಿಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ